ಬೊಜ್ಜು ಮತ್ತು ಹೃದಯದ ಆರೋಗ್ಯ

ಬೊಜ್ಜು ಎಂದರೆ ದೇಹದಲ್ಲಿ ಅಗತ್ಯಕ್ಕಿಂತ ಹೆಚ್ಚು ಕೊಬ್ಬು ಶೇಖರವಾಗಿರುವ ಸ್ಥಿತಿ. ಇದು ಹೃದ್ರೋಗದ ಪ್ರಮುಖ ಕಾರಣಗಳಲ್ಲೊಂದು. ತೂಕ ಹೆಚ್ಚಿದಂತೆ ರಕ್ತದ ಪ್ರಮಾಣವೂ ಹೆಚ್ಚುವುದರಿಂದ ಹೃದಯವು ಅಧಿಕವಾಗಿ ಶ್ರಮಿಸಬೇಕಾಗುತ್ತದೆ. ಕಾಲಕ್ರಮೇಣ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗಿ ಹೃದಯ ವೈಫಲ್ಯ ಉಂಟಾಗಬಹುದು. ಬೊಜ್ಜಿನ ಜೊತೆಗೆ ಬರುವ ಅಧಿಕ ರಕ್ತದೊತ್ತಡ, ಮಧುಮೇಹ ಹಾಗೂ ಕೊಲೆಸ್ಟರಾಲ್ ಏರುಪೇರುಗಳು ಹೃದಯದ ರಕ್ತನಾಳಗಳು ಕಿರಿದಾಗಲು ಕಾರಣವಾಗುತ್ತವೆ.

ಚರ್ಮದ ಅಡಿಯ ಕೊಬ್ಬಿಗಿಂತ ಹೊಟ್ಟೆಯೊಳಗೆ, ಯಕೃತ್ತು ಮತ್ತು ಕರುಳುಗಳ ಸುತ್ತ ಸೇರುವ ಕೊಬ್ಬು ಹೆಚ್ಚು ಅಪಾಯಕಾರಿ. ಭಾರತೀಯರಲ್ಲಿ ಇದು ಕಡಿಮೆ ತೂಕದವರಲ್ಲಿಯೂ ಕಂಡುಬರುತ್ತದೆ. ಆದ್ದರಿಂದ ಒಟ್ಟು ತೂಕ ಮಿತಿಯಲ್ಲಿದ್ದರೂ, ಹೊಟ್ಟೆಯ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಸ್ತ್ರೀಯರಲ್ಲಿ 80 ಸೆಂ.ಮೀ. ಮೀರಿದರೆ ಅದನ್ನು ಎಚ್ಚರಿಕೆಯ ಸೂಚನೆಯೆಂದು ಪರಿಗಣಿಸಲಾಗುತ್ತದೆ. ಬೊಜ್ಜು ಇರುವವರು ದೇಹತೂಕದ ಶೇಕಡಾ 5ರಿಂದ 10ರಷ್ಟನ್ನು ಇಳಿಸಿಕೊಂಡರೂ ರಕ್ತದೊತ್ತಡ ಮತ್ತು ರಕ್ತದಲ್ಲಿನ ಸಕ್ಕರೆಯ ಅಂಶ ಸಾಮಾನ್ಯವಾಗಿ ತಗ್ಗುತ್ತವೆ.