ಪರಮಪ್ರಸಾದ

ಯೇಸುಕ್ರಿಸ್ತನ ಮರಣ ಮತ್ತು ಪುನರುತ್ಥಾನಗಳಿಂದ ದೊರೆತ ರಕ್ಷಣೆಗಾಗಿ ಕ್ರೈಸ್ತರು ರೊಟ್ಟಿ, ದ್ರಾಕ್ಷಾರಸಗಳ ಮೂಲಕ ದೇವರಿಗೆ ಕೃತಜ್ಞತೆ ಸಲ್ಲಿಸುವ ಸಂಸ್ಕಾರ. ಕನ್ನಡ ಕಥೋಲಿಕರಲ್ಲಿ ಈ ಹೆಸರು ರೂಢಿ. ಪ್ರಾಟೆಸ್ಟಂಟರು ಕರ್ತನ ಭೋಜನ ಎನ್ನುತ್ತಾರೆ. ಮೂಲ ಗ್ರೀಕ್ ಪದ ‘ಯೂಕರಿಸ್ತಿಯ’ ಎಂದರೆ ಕೃತಜ್ಞತಾಸ್ತುತಿ. ಅದರೊಳಗೆ ಕೃಪೆ ಎಂಬರ್ಥದ ‘ಖಾರಿಸ್’ ಇರುವುದರಿಂದ ಕನ್ನಡದ ‘ಪ್ರಸಾದ’ ಮೂಲಕ್ಕೆ ದೂರವಲ್ಲ.

ಯೇಸು ಶಿಲುಬೆಗೇರುವ ಹಿಂದಿನ ರಾತ್ರಿ ಶಿಷ್ಯರೊಡನೆ ಮಾಡಿದ ಕಡೆಯ ಭೋಜನ ಇದರ ಮೂಲ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೆಯ ಅಧ್ಯಾಯ ಇದರ ಅತಿ ಹಳೆಯ ಲಿಖಿತ ದಾಖಲೆ. ಊಟದ ಹೊತ್ತಿಗೆ ದೇವರನ್ನು ಸ್ತುತಿಸುವ ಯೆಹೂದಿ ಪದ್ಧತಿಯ ಛಾಯೆ ‘ದಿದಖೆ’ ಎಂಬ ಆದಿಸಭೆಯ ಕೈಪಿಡಿಯಲ್ಲಿ ಸ್ಪಷ್ಟ. ಸುಮಾರು 155ರಲ್ಲಿ ರೋಮಿನಲ್ಲಿ ಬರೆದ ಕ್ರೈಸ್ತ ಲೇಖಕ ಜಸ್ಟಿನ್ ಕೊಡುವ ವಿವರ ಅಮೂಲ್ಯ: ಸಭಾನಾಯಕ ಕೃತಜ್ಞತಾ ಪ್ರಾರ್ಥನೆ ಮುಗಿಸಿದಾಗ ಜನರೆಲ್ಲ ‘ಆಮೆನ್’ ಎನ್ನುತ್ತಿದ್ದರು, ಬಾರದವರಿಗೆ ಸಭಾಸೇವಕರು ಪಾಲನ್ನು ಒಯ್ಯುತ್ತಿದ್ದರು.

ಈ ರೊಟ್ಟಿ, ದ್ರಾಕ್ಷಾರಸಗಳಲ್ಲಿ ಕ್ರಿಸ್ತನ ಸಾನ್ನಿಧ್ಯ ಯಾವ ಬಗೆಯದು ಎಂಬ ಕುರಿತು ಪಂಥಗಳಲ್ಲಿ ಭಿನ್ನಮತವಿದೆ. 1529ರ ಮಾರ್ಬುರ್ಗ್ ಸಂವಾದದಲ್ಲಿ ಪ್ರಾಟೆಸ್ಟಂಟ್ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ ಇದೊಂದರಲ್ಲಿ ಒಮ್ಮತಕ್ಕೆ ಬರಲಿಲ್ಲ. ರಕ್ಷಣೆ ದೇವರ ಕೊಡುಗೆಯೆಂಬ ಕೃತಜ್ಞಭಾವ ಮಾತ್ರ ಎಲ್ಲರಿಗೂ ಸಮಾನ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆಯಲ್ಲಿ ದೇಶಭಾಷೆಗಳಿಗೆ ಅವಕಾಶ ನೀಡಿದ ಬಳಿಕ ಕರ್ನಾಟಕದ ಕಥೋಲಿಕ ಚರ್ಚುಗಳಲ್ಲಿ ಲ್ಯಾಟಿನ್ ಬದಲಿಗೆ ಕನ್ನಡ, ಕೊಂಕಣಿ ಮೊದಲಾದ ಭಾಷೆಗಳಲ್ಲಿ ಬಲಿಪೂಜೆ, ಅಂದರೆ ಪರಮಪ್ರಸಾದದ ಆರಾಧನೆ, ಬಳಕೆಗೆ ಬಂತು.