ಜಿಡಿಎ: ಒಂದು ಸಹಿಯ ಹಿಂದಿನ ಓದು

ಕಂಪನಿಯ ಲೆಕ್ಕವನ್ನು ಹೊರಗಿನವರೊಬ್ಬರು ನೋಡಬೇಕು, ನೋಡುವವರ ಕೈಯಲ್ಲಿ ಸರಕಾರದ ಪ್ರಮಾಣಪತ್ರ ಇರಬೇಕು ಎಂಬ ಕಟ್ಟಳೆ ನಮ್ಮ ದೇಶಕ್ಕೆ ಬಂದದ್ದು 1913ರ ಕಂಪನಿ ಕಾಯ್ದೆಯಿಂದ. ಅದೇ ವರ್ಷ ಲಾಹೋರಿನ ಪೀಪಲ್ಸ್ ಬ್ಯಾಂಕ್ ಮುಳುಗಿತು, ಮುಂಬಯಿಯ ಇಂಡಿಯನ್ ಸ್ಪೀಸಿ ಬ್ಯಾಂಕೂ ಮುಳುಗಿತು. ಠೇವಣಿ ಇಟ್ಟವರು ಬಾಗಿಲ ಮುಂದೆ ನಿಂತಾಗ ಜನರಿಗೆ ಒಂದು ಮಾತು ಮನದಟ್ಟಾಯಿತು: ಲೆಕ್ಕ ಬರೆಯಬಲ್ಲವರು ಊರಿಗೆ ನೂರು ಮಂದಿ ಸಿಗುತ್ತಾರೆ, ಬರೆದ ಲೆಕ್ಕವನ್ನು ನಿರ್ದಾಕ್ಷಿಣ್ಯವಾಗಿ ಪರೀಕ್ಷಿಸಬಲ್ಲವರು ಸಿಗುವುದಿಲ್ಲ.

ಅಂಥವರನ್ನು ತಯಾರು ಮಾಡಲು ಮುಂಬಯಿ ಸರಕಾರ 1918ರಲ್ಲಿ ಶುರುಮಾಡಿದ ಓದೇ ಗವರ್ನ್‌ಮೆಂಟ್ ಡಿಪ್ಲೊಮಾ ಇನ್ ಅಕೌಂಟೆನ್ಸಿ. ನಮ್ಮ ವೃತ್ತಿಯ ಹಿರಿಯರ ಬಾಯಲ್ಲಿ ಅದು ಜಿಡಿಎ. ಐದು ವರ್ಷ ಮೊದಲು, 1913ರಲ್ಲಿ, ಮುಂಬಯಿಯಲ್ಲಿ ಸಿಡೆನ್‌ಹ್ಯಾಮ್ ಕಾಲೇಜು ತೆರೆದಿತ್ತು. ಏಷ್ಯಾದ ಮೊದಲ ವಾಣಿಜ್ಯ ಕಾಲೇಜು ಅದು. ಜಿಡಿಎ ಹುಟ್ಟಿದ 1918ರಲ್ಲೇ ಆ ಕಾಲೇಜಿಗೆ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದವರು ಡಾ. ಅಂಬೇಡ್ಕರ್. 1920ರವರೆಗೆ ಅಲ್ಲಿ ಪಾಠ ಹೇಳಿ, ಅರ್ಧಕ್ಕೆ ನಿಂತಿದ್ದ ತಮ್ಮ ಓದನ್ನು ಮುಗಿಸಲು ಮತ್ತೆ ಲಂಡನ್ನಿಗೆ ಹೋದರು. ದೇಶದ ಹಣದ ಶಾಸ್ತ್ರ ಮತ್ತು ಅಂಗಡಿಯ ಕಿರ್ದಿಯ ಶಾಸ್ತ್ರ ಎರಡೂ ಒಂದೇ ನಗರದಲ್ಲಿ ಒಟ್ಟಿಗೆ ಬೇರೂರಿದ ಕಾಲವದು.

ಈ ಡಿಪ್ಲೊಮಾದ ಹೆಚ್ಚುಗಾರಿಕೆ ಅದರ ಕಟ್ಟುಪಾಡಿನಲ್ಲಿತ್ತು. ಪರೀಕ್ಷೆ ಪಾಸಾದರೆ ಮಾತ್ರ ಸಾಲದು. ಮಾನ್ಯತೆ ಪಡೆದ ಅಕೌಂಟೆಂಟರ ಕೈಕೆಳಗೆ ಮೂರು ವರ್ಷ ಆರ್ಟಿಕಲ್ ಆಗಿ ದುಡಿಯಬೇಕು. ಎರಡೂ ಮುಗಿಸಿದವರಿಗೆ ಸಿಗುತ್ತಿದ್ದುದು ಅನಿರ್ಬಂಧಿತ ಪ್ರಮಾಣಪತ್ರ. ಅದಿದ್ದವರು ಇಡೀ ಹಿಂದುಸ್ತಾನದಲ್ಲಿ ಎಲ್ಲಿ ಬೇಕಾದರೂ ಆಡಿಟ್ ಮಾಡಬಹುದಿತ್ತು. ಆವರೆಗೆ ಇಂಥ ಮನ್ನಣೆಗೆ ಇಂಗ್ಲೆಂಡಿನ ಸಂಸ್ಥೆಗಳ ಸದಸ್ಯತ್ವವೇ ದೊಡ್ಡ ದಾರಿ. ಹಡಗು ಹತ್ತಲು ಹಣವಿಲ್ಲದ ಮನೆಯ ಹುಡುಗರಿಗೆ ಜಿಡಿಎ ಹೊಸ ದಾರಿ ತೆರೆಯಿತು.

ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಸೀಮೆಗಳು ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಧಾರವಾಡದಲ್ಲಿ 1917ರಿಂದ ಕರ್ನಾಟಕ ಕಾಲೇಜು ಇತ್ತು, ಆದರೆ ಹುಬ್ಬಳ್ಳಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಜೆ.ಜಿ. ವಾಣಿಜ್ಯ ಕಾಲೇಜು ಆರಂಭವಾದದ್ದು 1947ರಲ್ಲಿ. ವಾಣಿಜ್ಯ ಕಲಿಯಬೇಕೆಂಬ ಹುಡುಗರು ಮೀಟರ್ ಗೇಜ್ ಗಾಡಿಯಲ್ಲಿ ಪುಣೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಮುಂಬಯಿ ಮುಟ್ಟುತ್ತಿದ್ದರು. ಲೆಕ್ಕ ತೋರಿಸುವ ರೂಢಿ ಮಾತ್ರ ನಮ್ಮ ಹಳ್ಳಿಗಳಿಗೆ ಅದಕ್ಕಿಂತ ಮೊದಲೇ ಬಂದಿತ್ತು. 1904ರ ಸಹಕಾರಿ ಕಾಯ್ದೆಯಡಿ ಪ್ರತಿ ಸಂಘದ ಲೆಕ್ಕವೂ ವರ್ಷಕ್ಕೊಮ್ಮೆಯಾದರೂ ತಪಾಸಣೆ ಆಗಬೇಕಿತ್ತು. ಆ ಕಾಯ್ದೆಯಂತೆ ದೇಶದ ಮೊದಲ ಕೃಷಿ ಪತ್ತಿನ ಸಂಘವನ್ನು 1905ರಲ್ಲಿ ಕಟ್ಟಿದವರು ಗದಗ ಬಳಿಯ ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು.

ನಾನು ಹುಬ್ಬಳ್ಳಿಯಲ್ಲಿ ಆರ್ಟಿಕಲ್‌ಗೆ ಸೇರಿದಾಗ ನಮ್ಮ ಗುರುಗಳಿಗೆ ಅರವತ್ತು ದಾಟಿತ್ತು. ಅವರು ಜಿಡಿಎ ಮಾಡಿದ ಪೀಳಿಗೆಯವರು. ದಲಾಲಿ ಅಂಗಡಿಗೆ ಆಡಿಟ್‌ಗೆ ಹೋದರೆ ದಿವಾನಜಿ ಪ್ರೀತಿಯಿಂದ ಚಹಾ ತರಿಸಿ, ಕಿರ್ದಿ, ಖತಾವಣಿ ಹರಡುತ್ತಿದ್ದರು. ಹಳೆಯ ವಹಿಗಳಲ್ಲಿ ಮೋಡಿ ಲಿಪಿಯ ಸಾಲುಗಳೂ ಇರುತ್ತಿದ್ದವು, ಅವನ್ನೂ ಗುರುಗಳು ಸರಾಗವಾಗಿ ಓದುತ್ತಿದ್ದರು. ನಾನು ಪುಸ್ತಕಕ್ಕೆ ಕೈ ಹಾಕಿದರೆ ತಡೆಯುತ್ತಿದ್ದರು: “ತಮ್ಮಾ, ಮೊದಲ ಗಲ್ಲಾದಾಗಿನ ರೊಕ್ಕ ಎಣಿಸು. ಆಮ್ಯಾಲ ಪುಸ್ತಕ ತಗಿ.” ಪುಸ್ತಕದ ಶಿಲ್ಕು ಮೊದಲೇ ಗೊತ್ತಾದರೆ ಎಣಿಸುವ ಕೈ ಆ ಅಂಕಿಯತ್ತಲೇ ಜಾರುತ್ತದೆ ಎಂಬುದು ಅವರ ತರ್ಕ. ಪಾವತಿಗಳನ್ನು ಒಂದೊಂದಾಗಿ ಕಿರ್ದಿಗೆ ತಾಳೆ ನೋಡಿ ಬಣ್ಣದ ಪೆನ್ಸಿಲಿನಿಂದ ಟಿಕ್ ಹಾಕಬೇಕು. ಪಾವತಿ ಇಲ್ಲದ ಖರ್ಚನ್ನು ಮಾಲೀಕರೇ ಬಾಯಿಮಾತಿನಲ್ಲಿ ವಿವರಿಸಿದರೂ ಅದು ಪ್ರಶ್ನೆಪಟ್ಟಿಗೆ ಸೇರಲೇಬೇಕು. ಕೆಲಸ ಮುಗಿಯುವವರೆಗೆ ಅವರು ಸಹಿಯ ಮಾತು ಎತ್ತುತ್ತಿರಲಿಲ್ಲ. ನನ್ನ ಯಾವ ಪಠ್ಯಪುಸ್ತಕವೂ ಈ ಸಂಯಮವನ್ನು ಕಲಿಸಲಿಲ್ಲ.

ಆ ಪೀಳಿಗೆಯಲ್ಲಿ ನಾನು ಅತ್ಯಂತ ಗೌರವದಿಂದ ನೆನೆಯುವ ಹೆಸರು ಮದರಾಸಿನ ಆರ್. ಶಿವಭೋಗಂ ಅವರದು. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಸೇರಿ, ಹೊರಬಂದ ಮೇಲೆ ಜಿಡಿಎ ಓದಿ 1933ರಲ್ಲಿ ಪಾಸಾದರು. ಅದನ್ನು ಪಾಸಾದ ದೇಶದ ಮೊದಲ ಮಹಿಳೆ ಅವರು. ಜೈಲಿಗೆ ಹೋದವರು ಅಕೌಂಟೆಂಟರಾಗಿ ಹೆಸರು ನೋಂದಾಯಿಸುವಂತಿಲ್ಲ ಎಂಬ ನಿಯಮ ಅಡ್ಡ ಬಂದಾಗ ನ್ಯಾಯಾಲಯಕ್ಕೆ ಹೋಗಿ ಗೆದ್ದರು. 1937ರಲ್ಲಿ ಸ್ವಂತ ವೃತ್ತಿ ಆರಂಭಿಸಿದರು. ದೇಶಕ್ಕಾಗಿ ಸೆರೆಮನೆ ಕಂಡವರನ್ನು ನಂಬಿಕೆಗೆ ಅನರ್ಹರೆಂದ ಆ ನಿಯಮ ಅನ್ಯಾಯದ್ದು. ಅದನ್ನು ಸೋಲಿಸಿ ಅವರು ಇಡೀ ವೃತ್ತಿಯ ಘನತೆ ಹೆಚ್ಚಿಸಿದರು.

ಅಷ್ಟರಲ್ಲಿ ಪ್ರಾಂತಗಳ ಕೈಯಲ್ಲಿದ್ದ ಈ ವ್ಯವಸ್ಥೆಯನ್ನು ಕೇಂದ್ರ ಸರಕಾರ ವಹಿಸಿಕೊಂಡಿತ್ತು. 1932ರ ನಿಯಮಗಳು ಬಂದವು, ಸರಕಾರಕ್ಕೆ ಸಲಹೆ ಕೊಡಲು ಅಕೌಂಟೆನ್ಸಿ ಮಂಡಳಿ ಬಂತು, ದೇಶಕ್ಕೆಲ್ಲ ಒಂದೇ ದಾಖಲೆಪುಸ್ತಕವಾಯಿತು. ಅದರಲ್ಲಿ ಹೆಸರಿದ್ದವರು ‘ರಿಜಿಸ್ಟರ್ಡ್ ಅಕೌಂಟೆಂಟ್’. ಸ್ವಾತಂತ್ರ್ಯದ ನಂತರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ 1949ರ ಜುಲೈ 1ರಿಂದ ಜಾರಿಗೆ ಬಂತು, ವೃತ್ತಿ ತನ್ನ ಸಂಸ್ಥೆಯನ್ನು ತಾನೇ ನಡೆಸತೊಡಗಿತು. ಜಿ.ಪಿ. ಕಪಾಡಿಯಾ ಅದರ ಮೊದಲ ಅಧ್ಯಕ್ಷರು. ಜಿಡಿಎ ಎಂಬ ಮೂರಕ್ಷರ ಬೋರ್ಡುಗಳಿಂದ ಮರೆಯಾಯಿತು. ಓದಿನ ಜೊತೆ ಆರ್ಟಿಕಲ್ ಎಂಬ ಅದರ ಮೂಲಸೂತ್ರ ಇಂದಿಗೂ ಉಳಿದಿದೆ.

ಈಗ ಅರ್ಥಶಾಸ್ತ್ರದಲ್ಲಿ, ವಾಣಿಜ್ಯದಲ್ಲಿ, ತೆರಿಗೆಯಲ್ಲಿ ಪದವಿಯ ನಂತರದ ಡಿಪ್ಲೊಮಾಗಳು ಬೇಕಾದಷ್ಟಿವೆ. ಅವುಗಳಲ್ಲಿ ಅನೇಕವನ್ನು ಒಂದೂ ನಿಜವಾದ ಕಿರ್ದಿ ಮುಟ್ಟದೆ ಮುಗಿಸಬಹುದು. ಇಂಥ ಡಿಪ್ಲೊಮಾ ನಡೆಸುವ ನಮ್ಮ ಕಾಲೇಜುಗಳಲ್ಲಿ ನನ್ನದೊಂದು ವಿನಂತಿ: ನಿಮ್ಮ ಊರಿನ ಸಹಕಾರಿ ಸಂಘ, ಎಪಿಎಂಸಿ, ಆಡಿಟರ ಕಚೇರಿಗಳೊಂದಿಗೆ ಮಾತಾಡಿ, ಪ್ರತಿ ವಿದ್ಯಾರ್ಥಿಗೂ ಕೆಲವು ತಿಂಗಳಾದರೂ ಅಲ್ಲಿ ಕೂತು ಕೆಲಸ ಕಲಿಯುವುದನ್ನು ಕಡ್ಡಾಯ ಮಾಡಿ. ನನ್ನ ವೃತ್ತಿಬಾಂಧವರೂ ಹಳ್ಳಿಯಿಂದ ಬಂದ ಹುಡುಗ ಹುಡುಗಿಯರಿಗೆ ತಮ್ಮ ಕಚೇರಿಯಲ್ಲಿ ಜಾಗ ಕೊಡಲಿ. ಪರರ ದುಡ್ಡಿನ ಲೆಕ್ಕಕ್ಕೆ ಸಹಿ ಹಾಕುವ ಅರ್ಹತೆ ಬರುವುದು ಹಾಗೆ ಕೂತು ಕಲಿತವರಿಗೆ ಮಾತ್ರ.