ರೇಷ್ಮೆ ನೂಲಿಗೆ ಕಿಣ್ವದ ಲೇಪ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹೆಸರು ಕೇಳಿದೊಡನೆ ನೆನಪಾಗುವುದು ರೇಷ್ಮೆ ಸೀರೆ. ಆದರೆ ರೇಷ್ಮೆ ನೂಲು ರಕ್ತದಲ್ಲಿನ ಸಕ್ಕರೆಯನ್ನು ಅಳೆಯುವ ಸಾಧನವೂ ಆಗಬಲ್ಲದೆಂದು ಬೆಂಗಳೂರಿನ ಅಚಿರಾ ಲ್ಯಾಬ್ಸ್ ಸಂಸ್ಥೆಯ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಇದಕ್ಕೆ ಆಧಾರವಾದ ತಂತ್ರವೇ ಕಿಣ್ವ ಲೇಪನ.

ಲೇಪನ ಎಂದರೇನು?

ಜೀವಕೋಶಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ತ್ವರಿತಗೊಳಿಸುವ ಪ್ರೋಟೀನುಗಳೇ ಕಿಣ್ವಗಳು. ಗಾಜು, ಲೋಹ, ಪ್ಲಾಸ್ಟಿಕ್ ಅಥವಾ ನೂಲಿನ ಮೇಲ್ಮೈಯಲ್ಲಿ ಇವನ್ನು ನೆಲೆಗೊಳಿಸಿದರೆ ಆ ಜಡವಸ್ತುವಿಗೂ ಜೈವಿಕ ಗುಣ ಬರುತ್ತದೆ. ಇದ್ದಿಲಿಗೆ ಅಂಟಿದ ಇನ್ವರ್ಟೇಸ್ ಕಿಣ್ವವು ಸಕ್ಕರೆಯನ್ನು ಒಡೆಯುವ ಶಕ್ತಿಯನ್ನು ಉಳಿಸಿಕೊಳ್ಳುತ್ತದೆಂದು ನೆಲ್ಸನ್ ಮತ್ತು ಗ್ರಿಫಿನ್ 1916ರಲ್ಲಿಯೇ ಕಂಡುಕೊಂಡಿದ್ದರು. ಕಿಣ್ವವನ್ನು ಬಳಸಿ ಗ್ಲೂಕೋಸ್ ಅಳೆಯುವ ವಿದ್ಯುದ್ವಾರದ ಕಲ್ಪನೆಯನ್ನು ಕ್ಲಾರ್ಕ್ ಮತ್ತು ಲಯನ್ಸ್ 1962ರಲ್ಲಿ ಮುಂದಿಟ್ಟರು.

ಕಿಣ್ವವನ್ನು ಸುಮ್ಮನೆ ಅಂಟಿಸಿದರೆ ಅದು ತೊಳೆದುಹೋಗಬಹುದು. ರಾಸಾಯನಿಕವಾಗಿ ಬಿಗಿದು ಕಟ್ಟಿದರೆ ಅದರ ಆಕಾರ ಕೆಟ್ಟು ಶಕ್ತಿ ಕುಂದಬಹುದು. ತೆಳುಪೊರೆಯೊಳಗೆ ಹುದುಗಿಸಿಡುವುದು ಮತ್ತೊಂದು ಮಾರ್ಗ.

ರೇಷ್ಮೆಯೇ ಏಕೆ?

ಗೂಡಿನ ಎಳೆಯಲ್ಲಿ ಫೈಬ್ರಾಯಿನ್ ಎಂಬ ಗಟ್ಟಿ ಪ್ರೋಟೀನು, ಅದರ ಸುತ್ತ ಸೆರಿಸಿನ್ ಎಂಬ ಅಂಟು ಇರುತ್ತವೆ. ಫೈಬ್ರಾಯಿನ್ ಪೊರೆಯಲ್ಲಿ ಹುದುಗಿಸಿದ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವವು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೂ ತಿಂಗಳುಗಟ್ಟಲೆ ಸಕ್ರಿಯವಾಗಿ ಉಳಿದದ್ದನ್ನು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಅಧ್ಯಯನವೊಂದು 2009ರಲ್ಲಿ ವರದಿ ಮಾಡಿತು. ಶೀತಲ ಸಂಗ್ರಹದ ಸೌಲಭ್ಯವಿಲ್ಲದ ಊರುಗಳಿಗೆ ಇದು ಮಹತ್ವದ ಸಂಗತಿ.

ಮಗ್ಗದಲ್ಲಿ ಪರೀಕ್ಷಾ ಪಟ್ಟಿ

ಬೆಂಗಳೂರಿನ ತಂಡವು 2011ರಲ್ಲಿ ಬಟ್ಟೆಯನ್ನೇ ರೋಗಪತ್ತೆಯ ಸಾಧನವಾಗಿಸುವ ಕ್ರಮವನ್ನು ಪ್ರಕಟಿಸಿತು. 2015ರಲ್ಲಿ ಪ್ರಕಟವಾದ ಮುಂದಿನ ಪ್ರಬಂಧದಲ್ಲಿ ರೇಷ್ಮೆ ನೂಲಿಗೆ ವಿದ್ಯುತ್ ಹರಿಯಬಲ್ಲ ಶಾಯಿಯನ್ನೂ ಪರೀಕ್ಷಾ ದ್ರವ್ಯಗಳನ್ನೂ ಲೇಪಿಸಿ, ಕೈಮಗ್ಗದಲ್ಲಿ ನೇಯ್ದು, ಗ್ಲೂಕೋಸ್ ಮತ್ತು ಹಿಮೋಗ್ಲೋಬಿನ್ ಅಳೆಯುವ ವಿಧಾನವನ್ನು ವಿವರಿಸಲಾಯಿತು. ಗ್ಲೂಕೋಸ್ ಪಟ್ಟಿಯಲ್ಲಿ ಕಿಣ್ವವು ಸಕ್ಕರೆಯೊಂದಿಗೆ ವರ್ತಿಸಿದಾಗ ಹರಿಯುವ ವಿದ್ಯುತ್ತಿನ ಪ್ರಮಾಣವೇ ಸಕ್ಕರೆಯ ಅಳತೆ. ನೀರನ್ನು ಹೀರುವ ಹಾಗೂ ಹೀರದ ನೂಲುಗಳನ್ನು ಜೋಡಿಸಿ ರಕ್ತದ ಹನಿಯನ್ನು ಬೇಕಾದಷ್ಟೇ ಜಾಗದಲ್ಲಿ ತಡೆಯಲಾಗುತ್ತದೆ. ಅಚ್ಚು ಹಾಕುವ ವಿಧಾನದಲ್ಲಿ ದುಬಾರಿ ದ್ರವ್ಯ ವ್ಯರ್ಥವಾಗುತ್ತದೆ. ನೂಲಿಗೆ ಬೇಕಾದಷ್ಟನ್ನು ಮಾತ್ರ ಲೇಪಿಸಿದರೆ ಸಾಕು.

ನಿಜವಾದ ಪರೀಕ್ಷೆ ಇರುವುದು ಲೇಪನದ ಏಕರೂಪತೆಯಲ್ಲಿ. ಸೀರೆಯಲ್ಲಿ ಒಂದೆಳೆ ಹೆಚ್ಚುಕಡಿಮೆಯಾದರೆ ಅಂದ ಕೆಡಬಹುದು. ಪರೀಕ್ಷಾ ಪಟ್ಟಿಯಲ್ಲಿ ಹಾಗಾದರೆ ಮಧುಮೇಹಿಯ ಇನ್ಸುಲಿನ್ ಪ್ರಮಾಣವೇ ತಪ್ಪಬಹುದು. ಈ ನಿಖರತೆಯನ್ನು ಪ್ರತಿ ಗಜದಲ್ಲಿಯೂ ಕಾಯ್ದುಕೊಳ್ಳಲು ಸಾಧ್ಯವಾದರೆ, ಗೂಡು ಬೆಳೆಯುವ ರೈತನಿಗೂ ನೂಲು ಬಿಚ್ಚುವ ರೀಲರಿಗೂ ನೇಕಾರನಿಗೂ ಸೀರೆಯ ಆಚೆಗೊಂದು ಮಾರುಕಟ್ಟೆ ತೆರೆದುಕೊಂಡೀತು.